ಎಡತೋಳಿನ ಶಂಖ ಮತ್ತು ಸರ್ಕಾರದ ಸೂಜಿ

ನಮ್ಮ ಓಣಿಯ ಸೀತಾ ಎನ್ನುವ ಹುಡುಗಿಗೆ ದೇವಿ ಹಾಕುವ ಕೆಲಸ ಸಿಕ್ಕಿದೆ. ಆರ್ಡರು ಕೈಗೆ ಬಂದ ದಿನ ನನ್ನ ಕಾಲಿಗೆ ಬಿದ್ದು, ಈ ಕೆಲಸದಲ್ಲಿ ಮೊದಲು ಏನು ಕಲಿಯಬೇಕು ಎಂದು ಕೇಳಿದಳು. ನಾಯಿ ಬೆನ್ನು ಹತ್ತಿದರೆ ಓಡುವುದನ್ನು ಕಲಿ ಎಂದೆ. ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ. ಸಿಡುಬು ಬರದಂತೆ ತೋಳಿನ ಮೇಲೆ ಸೂಜಿಯಿಂದ ಗೀರಿ ಲಸಿಕೆ ಹಚ್ಚುವುದು, ಅಂದರೆ ನಮ್ಮ ಕಡೆ ‘ದೇವಿ ಹಾಕುವುದು’, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಕೆಲಸವಾಗಿತ್ತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಸೂಜಿ ಪದ್ದಕ್ಕ ಎಂದರೆ ಮಕ್ಕಳಿಗೂ ಗೊತ್ತು. ಮಕ್ಕಳಿಗೇ ಹೆಚ್ಚು ಗೊತ್ತು. ನನಗೆ ಒಂದು ಸಲ ಬಡ್ತಿಯೂ ಆಯಿತು. ಅದರ ಕಥೆ ಇಷ್ಟೇ, ಆಯಿತು. ಸೀತಾಳಿಗೆ ಉಪಯೋಗಕ್ಕೆ ಬರುವಂಥದ್ದು ಬೇರೆ ಇದೆ, ಅದನ್ನು ಬರೆಯುತ್ತೇನೆ.

ನನ್ನ ಗಂಡ ಪ್ಲೇಗಿನಲ್ಲಿ ಹೋದಾಗ ನನಗೆ ಹದಿನಾಲ್ಕು. ನಮ್ಮದು ಹೊಸಪೇಟೆಯ ವೈಷ್ಣವರ ಓಣಿ. ತವರಿಗೆ ಬಂದೆ, ಅಂದರೆ ಅಣ್ಣನ ಮನೆಯ ಅಡಿಗೆಮನೆಗೆ ಬಂದೆ. ಅಣ್ಣ ಗುಂಡಾಚಾರ್ಯ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ, ಬಿಡುವಿದ್ದಾಗ ನನಗೆ ಓದು ಬರಹ ಕಲಿಸಿದ. ಹೆಣ್ಣುಮಕ್ಕಳ ತೋಳು ಮುಟ್ಟಲು ಗಂಡಸರನ್ನು ಮನೆಯೊಳಗೆ ಯಾರೂ ಬಿಡುವುದಿಲ್ಲ, ಆದ್ದರಿಂದ ಓದು ಬಲ್ಲ ಹೆಂಗಸು ಬೇಕು ಎಂದು ಸರ್ಕಾರದವರು ಡಂಗುರ ಹೊಡೆಸಿದಾಗ ಓಣಿಯ ಹಿರಿಯರು ಮೂಗು ಮುರಿದರು. ಅಣ್ಣ ಮಾತ್ರ ನನ್ನ ಹೆಸರು ಕೊಟ್ಟು ಬಂದ. ಮಡಿ ಹೆಂಗಸು ಊರೂರು ತಿರುಗುವುದೇ ಎಂದು ಹಿರಿಯರು ಕೇಳಿದ್ದಕ್ಕೆ, ಆ ಲಸಿಕೆ ಆಕಳ ಕರುವಿನಿಂದ ತೆಗೆಯುವುದು, ಇದು ಗೋಸೇವೆ ಎಂದ. ಅವನ ಬಾಯಿಗೆ ಎದುರಿರಲಿಲ್ಲ.

ಕೆಲಸಕ್ಕೆ ಸೇರುವವರ ತೋಳಿನ ಮೇಲೆ ದೇವಿ ಹಾಕಿದ ಗುರುತು ಇರಲೇಬೇಕು ಎಂದು ನಿಯಮ. ನನಗೆ ಯಾರೂ ಹಾಕಿಸಿರಲಿಲ್ಲ. ಸಣ್ಣವಳಿದ್ದಾಗ ಸೂಜಿಯವನು ಬಂದನೆಂದರೆ ಅಜ್ಜಿ ನನ್ನನ್ನು ಕಣಜದೊಳಗೆ ಇಳಿಸಿ ಮುಚ್ಚುತ್ತಿದ್ದಳು. ಆದರೆ ನನ್ನ ಎಡತೋಳಿನ ಮೇಲೆ ಶಂಖವಿತ್ತು. ನಮ್ಮವರಲ್ಲಿ ಆಷಾಢದ ಏಕಾದಶಿಯ ದಿನ ಸ್ವಾಮಿಗಳು ಲೋಹದ ಮುದ್ರೆಯನ್ನು ಬೆಂಕಿಯಲ್ಲಿ ಕಾಯಿಸಿ ಹೆಂಗಸರಿಗೆ ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ ಒತ್ತುತ್ತಾರೆ. ಬೇರೆಯವರಿಗೆ ಒಂದು ತಿಂಗಳಲ್ಲಿ ಮಾಸುತ್ತದೆ. ನಾನು ಏಳು ವರ್ಷದವಳಿದ್ದಾಗ ಒತ್ತುವ ಹೊತ್ತಿಗೆ ಒದ್ದಾಡಿದ್ದರಿಂದ ಶಂಖ ಜಾರಿ ಮೂರು ಕಡೆ ಬಿದ್ದು, ಹುಣ್ಣಾಗಿ, ಮೂರು ಕಾಸಿನಗಲದ ಗುರುತು ಶಾಶ್ವತವಾಗಿ ಉಳಿಯಿತು. ಬಳ್ಳಾರಿಯಿಂದ ಬಂದಿದ್ದ ಬಿಳಿಯ ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡು ನನ್ನ ತೋಳು ನೋಡಿ, ಬೆರಳಿನಿಂದ ಮೂರನ್ನೂ ಎಣಿಸಿ, ಬಹಳ ಚೆನ್ನಾಗಿ ಎದ್ದಿದೆ ಎಂದು ಬರೆದುಕೊಂಡರು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮತ್ತೆ ಆ ಅಡಿಗೆಮನೆ, ಆ ಒಲೆ, ಸಾಯುವ ತನಕ. ಹೀಗೆ ದೇವಿ ಹಾಕಿಸಿಕೊಳ್ಳದವಳು ದೇವಿ ಹಾಕುವವಳಾದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವುದಕ್ಕೆ ಸರ್ಕಾರವೇ ನನಗೆ ಸರ್ಟಿಫಿಕೇಟು ಕೊಟ್ಟಿತು.

ನೀನೇ ಗುಟ್ಟಾಗಿ ಹಾಕಿಕೊಳ್ಳಬಹುದಿತ್ತಲ್ಲ ಎಂದು ಸೀತಾ ಕೇಳಿಯಾಳು. ಹಾಕಿಕೊಳ್ಳಬಹುದಿತ್ತು. ಮೊದಲ ಸಲ ಹಾಕಿಸಿಕೊಂಡವರಿಗೆ ಜ್ವರ ಬಂದು ತೋಳು ಊದಿ ಗುಳ್ಳೆ ಎದ್ದು ಹದಿನೈದು ದಿನ ಎಲ್ಲರಿಗೂ ಕಾಣುತ್ತದೆ, ಮೇಲಿನವರಿಗೆ ಗೊತ್ತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನಿಜ. ನನಗೆ ಸೂಜಿ ಕಂಡರೆ ಭಯ ಎನ್ನುವುದೂ ನಿಜ.

ನಾನು ಸೇರಿದ ಕಾಲಕ್ಕೆ ಲಸಿಕೆ ನಾಲ್ಕು ಕಾಲಿನ ಮೇಲೆ ನಡೆದು ಬರುತ್ತಿತ್ತು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಅಲ್ಲಿ ಗುಳ್ಳೆ ಎಬ್ಬಿಸಿ, ಆ ಗುಳ್ಳೆಯ ರಸವನ್ನು ನೇರವಾಗಿ ಮಕ್ಕಳ ತೋಳಿಗೆ ಹಚ್ಚಬೇಕು. ಕರುವನ್ನು ಹೊಡೆದುಕೊಂಡು ಚಿತ್ತವಾಡ್ಗಿಗೆ ಹೋದೆವು. ಅಲ್ಲಿಯ ಹೆಂಗಸರು ಮಕ್ಕಳನ್ನು ಬಚ್ಚಿಟ್ಟರು, ಕರುವಿಗೆ ಮಾತ್ರ ಆರತಿ ಎತ್ತಿದರು. ದೇವಿಯನ್ನೇ ಹೊತ್ತು ಬಂದ ಕರು ಎಂದು ಒಬ್ಬಳು ಹೋಳಿಗೆ ತಿನ್ನಿಸಿದಳು, ಇನ್ನೊಬ್ಬಳು ಬಾಳೆಹಣ್ಣು. ಒಂದು ತಿಂಗಳಲ್ಲಿ ಅದು ಎಷ್ಟು ಕೊಬ್ಬಿತೆಂದರೆ ನಡೆಯಲು ಒಪ್ಪಲಿಲ್ಲ. ಎತ್ತಿನ ಗಾಡಿ ಮಾಡಿ ಅದನ್ನು ಕೂರಿಸಿದೆವು. ಮುಂದೆ ಎರಡು ಎತ್ತು ಬೆವರಿಳಿಸಿ ಎಳೆಯುತ್ತಿವೆ, ಗಾಡಿಯಲ್ಲಿ ಕರು ಕೂತು ಮೆಲುಕು ಹಾಕುತ್ತಿದೆ, ನಾನು ಹಿಂದೆ ನಡೆಯುತ್ತಿದ್ದೇನೆ. ನಾನು ಗೋಸೇವೆ ಮಾಡುತ್ತಿದ್ದೇನೆಂದು ಆ ದಿನ ಓಣಿಯ ಹಿರಿಯರಿಗೆ ಖಾತ್ರಿಯಾಯಿತು.

ಕರು ಹೋಗಿ ಲಸಿಕೆ ತುಂಬಿದ ಗಾಜಿನ ನಳಿಕೆ ಬಂತು. ಮದ್ರಾಸಿನಿಂದ ರೈಲಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲಿ. ಅದೇ ಹೊತ್ತಿಗೆ ಮೊದಲನೇ ಮಹಾಯುದ್ಧ ಶುರುವಾಗಿ, ಜರ್ಮನ್ ಹಡಗೊಂದು ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಮದ್ರಾಸಿನ ಜನ ಊರು ಬಿಟ್ಟು ಓಡಿದರಂತೆ, ನಮ್ಮ ಗಡಿಗೆ ಬರುವುದು ನಿಂತಿತು. ನನ್ನ ಮೇಲಧಿಕಾರಿ ಇನ್‌ಸ್ಪೆಕ್ಟರ್ ಪಿಳ್ಳೆಯವರು. ತಂಜಾವೂರಿನ ಕಡೆಯವರು, ಕನ್ನಡವನ್ನು ಸರ್ಕಾರಿ ಆಸ್ತಿಯಂತೆ ಜೋಪಾನವಾಗಿ ಬಳಸುತ್ತಿದ್ದರು. ಒಳ್ಳೆಯ ಮನುಷ್ಯ, ಕಾಗದಕ್ಕೆ ಹೆದರುತ್ತಿದ್ದರು ಅಷ್ಟೆ. ಲಸಿಕೆ ಇಲ್ಲ, ಪ್ರವಾಸ ನಿಲ್ಲಿಸಲೇ ಎಂದು ಕೇಳಿದೆ. ಪ್ರವಾಸದ ಪಟ್ಟಿಗೆ ಮೇಲಿನವರ ಸಹಿ ಆಗಿದೆ, ಯುದ್ಧಕ್ಕೆ ಆಗಿಲ್ಲ ಎಂದರು. ಹೀಗಾಗಿ ಒಂದೂವರೆ ತಿಂಗಳು ನಾನು ಬರಿಗೈಯಲ್ಲಿ ಊರೂರು ತಿರುಗಿ, ಮಕ್ಕಳ ತೋಳು ನೋಡಿ, ಚೆನ್ನಾಗಿದೆ ಎಂದು ಹೇಳಿ ಬಂದೆ. ಬುಕ್ಕಸಾಗರದಲ್ಲಿ ಗದ್ದೆಗೆ ಸಸಿ ಹಚ್ಚುತ್ತಿದ್ದ ಹೆಂಗಸರು ಇಂಥ ದೇವಿಯೇ ಇರಲಿ, ಮಗು ಅಳುವುದಿಲ್ಲ ಎಂದು ಹರಸಿದರು. ಇಡೀ ವೃತ್ತಿಯಲ್ಲಿ ನನಗೆ ಒಬ್ಬರೂ ಬೈಯದ ಕಾಲ ಅದೊಂದೇ.

ಯುದ್ಧ ಮುಗಿಯುವಾಗ ಇನ್‌ಫ್ಲುಯೆಂಜಾ ಬಂತು. ಅದರ ಬಗ್ಗೆ ನಗುವಂಥದ್ದೇನೂ ಇಲ್ಲ. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ ದಾರಿಯಲ್ಲಿ ಅಡ್ಡಗಟ್ಟಿ, ಇದಕ್ಕೂ ಒಂದು ಸೂಜಿ ಹಾಕಿರಿ ಎಂದು ತೋಳು ಚಾಚಿದರು. ನನ್ನ ಹತ್ತಿರ ಅದಕ್ಕೆ ಏನೂ ಇರಲಿಲ್ಲ. ಹಾಗೆ ಹೇಳುವುದು ಭಾಳ ಕಷ್ಟವಾಯಿತು.

ನಮ್ಮ ಜಿಲ್ಲೆಯ ಸೊಗಸೇನೆಂದರೆ ಒಂದು ಕಡೆ ಸಂಡೂರು ಸಂಸ್ಥಾನ, ಹೊಳೆಯ ಆಚೆ ನಿಜಾಮರ ಸೀಮೆ, ನಡುವೆ ನಾವು ಮದ್ರಾಸಿನವರು. ರೋಗಕ್ಕೆ ಇದು ತಿಳಿಯದು, ರಿಜಿಸ್ಟರಿಗೆ ತಿಳಿಯುತ್ತದೆ. ಹಾಕಿದ ಎಂಟನೇ ದಿನ ಮಗುವಿನ ತೋಳು ನೋಡಿ ಎದ್ದಿದೆಯೋ ಇಲ್ಲವೋ ಬರೆಯಬೇಕು. ಒಬ್ಬ ಬಾಣಂತಿ ಮಗುವಿಗೆ ನಮ್ಮಲ್ಲಿ ಹಾಕಿಸಿಕೊಂಡು ಸಂಡೂರಿನ ತವರಿಗೆ ಹೋದಳು. ಸಂಸ್ಥಾನದೊಳಗೆ ನಮ್ಮ ರಿಜಿಸ್ಟರು ಬಿಚ್ಚುವಂತಿಲ್ಲ ಎಂದು ಪಿಳ್ಳೆಯವರು. ಕೊನೆಗೆ ಅವಳನ್ನು ಗಡಿಕಲ್ಲಿನ ಹತ್ತಿರ ಕರೆಸಿದೆವು. ಅವಳು ಆ ಕಡೆ ನಿಂತು ಮಗುವಿನ ಒಂದು ತೋಳನ್ನು ಮಾತ್ರ ಈ ಕಡೆ ಚಾಚಿದಳು. ಪಿಳ್ಳೆಯವರು ಬಗ್ಗಿ ನೋಡಿ, ‘ತೋಳು ನಮ್ಮ ಸರಹದ್ದಿನಲ್ಲಿ ಪರೀಕ್ಷಿಸಲ್ಪಟ್ಟಿತು’ ಎಂದು ಬರೆದರು. ಮಗು ಯಾವ ಸರ್ಕಾರಕ್ಕೂ ಭೇದ ಮಾಡದೆ ಕಲ್ಲಿನ ಮೇಲೇ ಉಚ್ಚೆ ಹೊಯ್ದಿತು.

ಕಂಪ್ಲಿಯಲ್ಲಿ ನಾನು ಮಾಡಿದ ತಪ್ಪು ಇದಕ್ಕಿಂತ ದೊಡ್ಡದು. ಅಲ್ಲಿ ಹರಿಗೋಲು ನಡೆಸುವವರ ಮನೆಯ ಹೊನ್ನೂರವ್ವ ಎನ್ನುವವಳು ಕೇರಿಯ ಹೆಂಗಸರಿಗೆಲ್ಲ ಮುಂದಾಳು. ಅವಳು ಒಪ್ಪಿದರೆ ಕೇರಿ ಒಪ್ಪಿದಂತೆ. ನನ್ನನ್ನು ಕೂರಿಸಿ, ಮೊದಲು ನಿಮ್ಮ ತೋಳು ತೋರಿಸಿ ಎಂದಳು. ತೋರಿಸಿದೆ. ಶಂಖದ ಸುರುಳಿ ಅರೆಬರೆ ಕಾಣುತ್ತಿತ್ತು.

"ಇದು ಸರ್ಕಾರದ ಮುದ್ರಿ ಏನ್ರೀ? ಭಾಳ ಚೆಂದ ಐತಿ," ಎಂದಳು ಹೊನ್ನೂರವ್ವ. "ನಮ್ಮ ಹುಡುಗಿಗೂ ಇಂಥಾದ್ದ ಹಾಕ್ರಿ. ಬರೇ ಚುಕ್ಕಿ ನಮಗ ಬ್ಯಾಡ."

ಹೌದು ಎಂದುಬಿಟ್ಟೆ. ಕೇರಿ ಕೈತಪ್ಪಬಾರದೆಂಬ ಆಸೆ. ನಾಲ್ಕು ಚುಕ್ಕಿ ಗೀರುವ ಕಡೆ ಸುರುಳಿಯಾಗಿ ಗೀರಿದೆ. ಎಂಟನೇ ದಿನ ಪಿಳ್ಳೆಯವರು ಬಂದು ನೋಡಿದರೆ ಕಂಪ್ಲಿಯ ಮಕ್ಕಳ ತೋಳುಗಳ ಮೇಲೆಲ್ಲ ಶಂಖ. ಬೆಸ್ತರ ಮಕ್ಕಳು, ಸಾಬರ ಮಕ್ಕಳು, ಕುರುಬರ ಮಕ್ಕಳು, ಎಲ್ಲರೂ ಒಂದೇ ವಾರದಲ್ಲಿ ಪರಮ ವೈಷ್ಣವರಾಗಿದ್ದರು. ಇದು ಯಾವ ಪದ್ಧತಿ ಎಂದು ಕೇಳಿದರು. ಹೊಸದು ಎಂದೆ. ಅವರು ಬಹಳ ಹೊತ್ತು ಯೋಚಿಸಿ ಅದನ್ನೇ ಬರೆದುಕೊಂಡರು. ಆದರೆ ಎಲ್ಲ ತೋಳುಗಳೂ ಚೆನ್ನಾಗಿ ಎದ್ದಿದ್ದವು, ಮುಂದೆ ಆ ಕೇರಿಯಲ್ಲಿ ಒಬ್ಬರಿಗೂ ಸಿಡುಬು ಬರಲಿಲ್ಲ. ನಾನು ಹಾಕಿದ ಶಂಖಕ್ಕೆ ಇದ್ದ ಶಕ್ತಿ ನನ್ನ ತೋಳಿನ ಶಂಖಕ್ಕೆ ಇರಲಿಲ್ಲ ಎಂಬುದು ನನಗೆ ಮಾತ್ರ ಗೊತ್ತಿತ್ತು.

ನನಗೆ ಮಾತ್ರ ಎಂದದ್ದು ತಪ್ಪು. ನಮ್ಮ ಓಣಿಗೆಲ್ಲ ಗೊತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಹಾಗೆ ನಾನು ನಲವತ್ತು ಹಳ್ಳಿ ತಿರುಗಿದರೂ ನಮ್ಮ ಓಣಿಯಲ್ಲಿ ಒಂದು ತೋಳಿಗೂ ಸೂಜಿ ತಾಗಿಸಲಾಗಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ನೇರವಾಗಿ ಹೇಳಿದಳು.

"ನಿಮ್ಮ ತೋಳಿಗೆ ನಡೆದದ್ದು ನಮ್ಮ ತೋಳಿಗ್ಯಾಕ ನಡೆಯೂದಿಲ್ಲ? ನಾವೂ ಮುದ್ರಿ ತೋರಸ್ತೀವಿ, ನೀವು ಬರಕೊಳ್ರಿ. ಇಲ್ಲಾಂದ್ರ ನಿಮ್ಮದೂ ಹೇಳಬೇಕಾಗ್ತದ."

ಹೆದರಿಸುತ್ತಿದ್ದಾಳೋ ತಮಾಷೆ ಮಾಡುತ್ತಿದ್ದಾಳೋ ತಿಳಿಯಲಿಲ್ಲ. ನಾನು ಹೆದರಿದೆ. ಮುಂದಿನ ಆಷಾಢದಲ್ಲಿ ಏಕಾದಶಿ ಕಳೆದ ಎಂಟನೇ ದಿನಕ್ಕೆ ಸರಿಯಾಗಿ ಪಿಳ್ಳೆಯವರನ್ನು ಓಣಿಗೆ ಕರೆಸಿದೆ. ಹಸಿ ಮುದ್ರೆಯ ಮೇಲೆ ಹಕ್ಕಳೆ ಕಟ್ಟಿತ್ತು. ಮಡಿಯವರು, ಹತ್ತಿರ ಬರಬೇಡಿ ಎಂದು ಅವರನ್ನು ಬೀದಿಯಲ್ಲೇ ನಿಲ್ಲಿಸಿದೆವು. ಜಗುಲಿಗಳ ಮೇಲೆ ಮಕ್ಕಳು, ಮುದುಕಿಯರು, ಗಂಡಸರು ಸಾಲಾಗಿ ಎಡತೋಳು ಎತ್ತಿ ನಿಂತರು. ಹತ್ತು ಮಾರು ದೂರದಿಂದ ಪಿಳ್ಳೆಯವರು ಎಣಿಸಿದರು. ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಹಾಕಿಸಿಕೊಂಡಿದ್ದಾರೆ ಎಂದು ಅವರ ಕಣ್ಣಲ್ಲಿ ನೀರೇ ಬಂತು. ರಿಜಿಸ್ಟರಿನಲ್ಲಿ ಓಣಿಯ ಅಷ್ಟೂ ಹೆಸರಿನ ಮುಂದೆ ‘ಯಶಸ್ವಿ’ ಎಂದು ಬರೆದು ನಾನು ಸಹಿ ಹಾಕಿದೆ. ಅಣ್ಣನ ಹೆಸರಿನ ಮುಂದೆಯೂ ಹಾಕಿದೆ. ನಮ್ಮ ಓಣಿ ತಾಲ್ಲೂಕಿಗೇ ಮಾದರಿ ಎಂದು ಮೇಲಕ್ಕೆ ವರದಿ ಹೋಯಿತು. ನನ್ನ ಆ ಒಂದು ಬಡ್ತಿ ಆದದ್ದು ಇದಕ್ಕೇ.

ಉಪ್ಪಿನ ಸತ್ಯಾಗ್ರಹದ ಸುದ್ದಿ ಎಲ್ಲೆಲ್ಲೂ ಹಬ್ಬಿದ ಕಾಲ. ಮಾಘ ಕಳೆದು ಬಿಸಿಲೇರುವಾಗ ಊರಿಗೆ ಸಿಡುಬು ಬಂತು. ಒಂದು ವಾರದಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಎರಡು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಣ್ಣನ ಮಗಳು ತುಂಗಾ ಆಗ ಆರು ವರ್ಷದವಳು, ನನ್ನ ಮಗ್ಗುಲಲ್ಲೇ ಮಲಗುತ್ತಿದ್ದವಳು. ಬೇರೆಯವರ ಮಕ್ಕಳ ಲೆಕ್ಕ ಇಟ್ಟವಳಿಗೆ ಈ ಮಗುವಿನ ಬರಿ ತೋಳು ಅಲ್ಲಿಯವರೆಗೆ ಕಂಡಿರಲಿಲ್ಲವೆಂದಲ್ಲ, ನೋಡದೆ ಇದ್ದೆ. ಪಿಳ್ಳೆಯವರಲ್ಲಿಗೆ ಓಡಿದೆ.

ನಮ್ಮ ಓಣಿಗೆ ಲಸಿಕೆ ಬೇಕು ಎಂದೆ. ನಿಮ್ಮ ಓಣಿ ಪೂರ್ಣ ಯಶಸ್ವಿ, ಇರುವ ನಳಿಕೆಗಳು ಹಾಕಿಸಿಕೊಳ್ಳದವರಿಗೆ ಮಾತ್ರ ಎಂದರು. ಆಗ ತೋಳು ಬಿಚ್ಚಿ ತೋರಿಸಿ ಎಲ್ಲವನ್ನೂ ಹೇಳಿದೆ. ಇದು ಶಂಖ, ಓಣಿಯವರದ್ದೂ ಶಂಖ, ಯಾರಿಗೂ ದೇವಿ ಹಾಕಿಲ್ಲ, ನನಗೂ ಇಲ್ಲ. ಬೇಕಾದರೆ ಕೆಲಸದಿಂದ ತೆಗೆಯಿರಿ, ನಳಿಕೆ ಕೊಡಿ ಎಂದೆ. ಪಿಳ್ಳೆಯವರು ಎರಡೂ ಕಿವಿ ಮುಚ್ಚಿಕೊಂಡು ಕಣ್ಣನ್ನೂ ಮುಚ್ಚಿದರು.

"ನಾನು ಕೇಳಿಲ್ಲ, ಪದ್ಮಾವತಿಯಮ್ಮ. ನೀವು ಸುಳ್ಳಾದರೆ ನೀವು ಹಾಕಿದ ಇಡೀ ತಾಲ್ಲೂಕು ಸುಳ್ಳಾಗುತ್ತದೆ. ತಾಲ್ಲೂಕು ಸುಳ್ಳಾದರೆ ನಾನು ಏನಾಗುತ್ತೇನೆ?"

ಆಮೇಲೆ ಕಣ್ಣು ಬಿಟ್ಟು, ನಿಮ್ಮ ಓಣಿಯಲ್ಲಿ ಇತ್ತೀಚೆಗೆ ಎಷ್ಟು ಮಕ್ಕಳು ಹುಟ್ಟಿದ್ದಾರೆ ಎಂದು ಕೇಳಿದರು. ಅರ್ಥವಾಗಲಿಲ್ಲ. ಹೊಸ ಮಕ್ಕಳಿಗೆ ನಳಿಕೆ ಕೊಡಬಹುದು ಎಂದರು. ಅರ್ಥವಾಯಿತು. ಇಬ್ಬರೂ ಕೂತು ನಲವತ್ತು ಹೊಸ ಮಕ್ಕಳನ್ನು ಹುಟ್ಟಿಸಿದೆವು. ಎಪ್ಪತ್ತು ವರ್ಷದ ಗೋದಾವರಜ್ಜಿ ಎಂಟು ತಿಂಗಳ ಹೆಣ್ಣುಮಗುವಾದಳು. ಹಲ್ಲಿಲ್ಲದ್ದಕ್ಕೆ ಹೊಂದಿಕೆಯೂ ಆಯಿತು. ನಾನು ಹನ್ನೊಂದು ತಿಂಗಳ ‘ಪದ್ಮಾ’. ಐವತ್ತು ದಾಟಿದ ಅಣ್ಣ ಒಂಬತ್ತು ತಿಂಗಳ ‘ಗುಂಡಾ’. ಒಂದು ಓಣಿಯಲ್ಲಿ ಇಷ್ಟು ಜನನಕ್ಕೆ ಕಾರಣವೇನೆಂದು ಮುಂದೆ ಮೇಲಿನಿಂದ ಕಾಗದ ಬಂತು. ತುಂಗಭದ್ರೆಯ ನೀರು ಎಂದು ಪಿಳ್ಳೆಯವರು ಉತ್ತರ ಬರೆದರು, ಅದನ್ನು ಮೇಲಿನವರು ಒಪ್ಪಿದರು.

ನಳಿಕೆ ಬಂತು, ತೋಳು ಬರಲಿಲ್ಲ. ಜಗುಲಿಯ ಮೇಲೆ ಸಾಮಾನು ಹರಡಿ ಕೂತೆ. ಓಣಿಯವರು ದೂರ ನಿಂತು ನೋಡಿದರು. ಸ್ವಾಮಿಗಳ ಮುದ್ರೆ ಇರುವಾಗ ಕರುವಿನ ಕೀವು ಏಕೆ ಎಂದರು. ಹದಿನೇಳು ವರ್ಷ ನೀನೇ ಹಾಕಿಕೊಳ್ಳದೆ ಗಟ್ಟಿಯಾಗಿದ್ದೀಯಲ್ಲ ಎಂದರು. ಸೆರಗು ಸರಿಸಿ ಎಡತೋಳಿನ ಶಂಖದ ಕೆಳಗೆ ಗೀರಲು ಹೋದೆ. ಮೊದಲ ಸಲ ಸೂಜಿ ಸೀರೆಗೆ ಹೊಕ್ಕಿತು. ಎರಡನೇ ಸಲ ಅಯ್ಯೋ ಎಂದು ಕೂಗಿಕೊಂಡೆ, ಇನ್ನೂ ಸೂಜಿ ತಾಗಿರಲೇ ಇಲ್ಲ. ಓಣಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಗ ವೈನಿ ಬಂದು ನನ್ನ ಎದುರು ಕೂತು, ನನ್ನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ಮಡಿಯಲ್ಲಿದ್ದವಳು. ಹದಿನೇಳು ವರ್ಷದಲ್ಲಿ ಊರು ತಿರುಗಿ ಬಂದ ನನ್ನನ್ನು ಸ್ನಾನವಿಲ್ಲದೆ ಒಂದು ದಿನವೂ ಮುಟ್ಟಿದವಳಲ್ಲ.

"ಹೂಂ, ಹಾಕ್ಕೋರಿ," ಎಂದಳು. "ನೀವು ಹಾಕ್ಕೊಂಡ ಮ್ಯಾಲೆ ತುಂಗಾಗ ಹಾಕ್ರಿ. ಆಮ್ಯಾಲೆ ನನಗ. ಆವತ್ತ ನಾ ಹಂಗ ಅಂದದ್ದು ಚಾಷ್ಟಿಗೆ. ನೀವು ಖರೇ ಅಂದ್ಕೊಂಡು ಬರದೇ ಬಿಟ್ರಿ."

ನನಗೆ ಅಳು ಬಂತು. ಅಳುತ್ತಲೇ ಹಾಕಿಕೊಂಡೆ, ತುಂಗಾಳಿಗೆ ಹಾಕಿದೆ, ವೈನಿಗೆ ಹಾಕಿದೆ. ಆಮೇಲೆ ಗೋದಾವರಜ್ಜಿ ಬಂದಳು, ಅವಳ ಹಿಂದೆ ಓಣಿ ಬಂತು. ಸಂಜೆಯ ಹೊತ್ತಿಗೆ ಮೂವತ್ತೊಂಬತ್ತು ತೋಳು ಮುಗಿದವು.

ಅಣ್ಣ ಬರಲಿಲ್ಲ. ಗುಡಿಯಿಂದ ಬಂದವನು ತುಂಗಾಳ ತೋಳು ನೋಡಿ, ಒಳ್ಳೆಯದು ಮಾಡಿದೆ ಎಂದ. ನೀನೂ ಕೂತುಕೋ ಎಂದೆ. ಮಕ್ಕಳು ಮರಿಗೆ ಸರಿ, ದೇವರನ್ನು ಮುಟ್ಟುವ ನಾನು ಮುದ್ರೆ ಸಾಲದೆಂದು ಸೂಜಿ ಚುಚ್ಚಿಸಿಕೊಂಡರೆ ನಾಳೆ ಯಾವ ಬಾಯಿಂದ ತೀರ್ಥ ಕೊಡಲಿ ಎಂದ. ಹಟ ಮಾಡಬೇಕಿತ್ತು. ನನ್ನನ್ನು ಅಡಿಗೆಮನೆಯಿಂದ ಎಬ್ಬಿಸಿ ಹೊರಗೆ ಕಳಿಸಿದವನು ಅವನು, ಅವನ ಮಾತಿಗೆ ಎದುರಾಡಿ ನನಗೆ ರೂಢಿಯಿರಲಿಲ್ಲ.

"ಬರಕೋ ಪದ್ದೀ, ಗುಂಡಾ, ಗಂಡು, ಒಂಬತ್ತು ತಿಂಗಳು," ಎಂದು ನಕ್ಕ. "ಇನ್ನೂ ಹಲ್ಲು ಬಂದಿಲ್ಲ, ಹಟ ಭಾಳ ಮಾಡ್ತದ ಅಂತನೂ ಬರಿ."

ನಾನೂ ನಕ್ಕೆ. ಒಂದು ವಾರ ಬಿಟ್ಟು ಒಪ್ಪಿಸಿದರಾಯಿತು ಎಂದುಕೊಂಡೆ. ನಲವತ್ತು ನಳಿಕೆ ತಂದದ್ದಕ್ಕೆ ನಲವತ್ತು ತೋಳು ತೋರಿಸಬೇಕಲ್ಲ, ಅಲ್ಲಿಯವರೆಗೆ ಇರಲಿ ಎಂದು ಆ ಸಾಲಿಗೂ ಸಹಿ ಹಾಕಿದೆ. ಎಲ್ಲ ಹೇಳಿಕೊಂಡು ಹಗುರಾದ ವಾರದಲ್ಲೇ ಮತ್ತೆ ಸುಳ್ಳು ಸಹಿ ಹಾಕಿದೆ. ಕೈಗೆ ಅಷ್ಟು ರೂಢಿಯಾಗಿತ್ತು.

ಆ ವಾರ ನನಗೆ ಜ್ವರ, ತೋಳು ಊದಿ ಎತ್ತಲಾಗುತ್ತಿರಲಿಲ್ಲ. ನಾನು ಎದ್ದು ಕೂರುವ ಹೊತ್ತಿಗೆ ಅಣ್ಣ ಮಲಗಿದ. ಮೂರನೇ ದಿನ ಅವನ ಹಣೆಯ ಮೇಲೆ ಗುಳ್ಳೆ ಕಂಡಿತು. ಅವನ ಕೋಣೆಗೆ ನಾನೊಬ್ಬಳೇ ಹೋಗುತ್ತಿದ್ದೆ. ಹಸಿ ಬೇವಿನೆಲೆಯ ಮೇಲೆ ಮಲಗಿಸಿ, ತುಟಿಗೆ ಎಳನೀರು ಬಿಡುತ್ತಿದ್ದೆ. ಮುಖ ಗುರುತು ಸಿಗದಂತಾಗಿತ್ತು, ದನಿ ಮಾತ್ರ ಅವನದೇ.

"ಪದ್ದೀ, ರಿಜಿಸ್ಟರ್ ಪ್ರಕಾರ ನಾ ಆರಾಮ ಇದ್ದೀನಲ್ಲ?" ಎಂದು ಕೇಳಿದ. ನಗಿಸಲು ಕೇಳಿದ್ದು. ನನಗೆ ನಗು ಬರಲಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಹೋದ.

ಪಿಳ್ಳೆಯವರು ಮಾತನಾಡಿಸಲು ಬಂದು ಬೀದಿಯಲ್ಲೇ ನಿಂತರು. ಸಾವಿನ ಪುಸ್ತಕದಲ್ಲಿ ಜ್ವರ ಎಂದು ಬರೆಸಿ ಎಂದರು. ನಿಮ್ಮ ಅಣ್ಣನಿಗೆ ಎರಡು ಸಲ ಯಶಸ್ವಿಯಾಗಿದೆ, ಅಂಥವರು ಸಿಡುಬಿನಿಂದ ಸಾಯುವಂತಿಲ್ಲ, ನಿಮ್ಮ ಕೆಲಸ ಉಳಿಯಲಿ ಎಂದು ಹೇಳುತ್ತಿದ್ದೇನೆ ಎಂದರು. ನನ್ನ ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ.

ಹುಟ್ಟು ಸಾವು ಬರೆಯುವ ಗುಮಾಸ್ತನ ಹತ್ತಿರ ಹೋದೆ. ಅವನು ಆಗಲೇ ‘ಜ್ವರ’ ಎಂದು ಬರೆಯಲು ಲೇಖನಿ ಅದ್ದಿದ್ದ. ಬೇಡ ಎಂದೆ. ಸಿಡುಬು ಎಂದು ಬರೆಯಿರಿ, ದೇವಿ ಹಾಕಿಲ್ಲ ಎಂದು ಬರೆಯಿರಿ, ಹಾಕಿದೆ ಎಂದು ಸುಳ್ಳು ಸಹಿ ಮಾಡಿದವಳು ಸತ್ತವನ ತಂಗಿ ಎಂದೂ ಬರೆಯಿರಿ ಎಂದೆ.

"ಪದ್ದಕ್ಕಾ, ಇದು ಬಳ್ಳಾರಿಗೆ ಹೋಕ್ಕತಿ, ಮದ್ರಾಸಿಗೂ ಹೋಕ್ಕತಿ," ಎಂದ ಗುಮಾಸ್ತ. "ಓದಿದ ದಿನ ನಿಮ್ಮ ಕೆಲಸ ಹೋತು ಅಂತ ತಿಳ್ಕೋರಿ. ಇನ್ನೊಮ್ಮೆ ವಿಚಾರ ಮಾಡ್ರಿ."

ಬರೆಯಿರಿ ಎಂದೆ. ಬರೆದ. ಕೆಳಗೆ ನನ್ನ ಸಹಿ ಹಾಕಿದೆ. ಮನೆಗೆ ಬಂದು ಸರ್ಕಾರದ ಸೂಜಿ, ಚೀಲ, ರಿಜಿಸ್ಟರು ಎಲ್ಲ ಒರೆಸಿ, ಕೇಳಲು ಬಂದವರಿಗೆ ಕೊಡುವಂತೆ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟೆ.

ಕೆಲಸದಿಂದ ತೆಗೆದ ಆರ್ಡರು ಆ ತಿಂಗಳು ಬರಲಿಲ್ಲ. ಮೇಲಿನವರು ಬೇಸಿಗೆಗೆ ಬೆಟ್ಟಕ್ಕೆ ಹೋಗಿರಬೇಕು ಎಂದುಕೊಂಡೆ. ಬರುವತನಕ ಸುಮ್ಮನೆ ಏಕೆ ಕೂರಲಿ ಎಂದು ಗಂಟು ಬಿಚ್ಚಿ ಕೆಲಸಕ್ಕೆ ಹೋದೆ. ಆ ವರ್ಷ ಬರಲಿಲ್ಲ. ಪಿಳ್ಳೆಯವರು ನಿವೃತ್ತರಾಗಿ ತಂಜಾವೂರಿಗೆ ಹೋದರು. ಮತ್ತೊಂದು ಮಹಾಯುದ್ಧ ಬಂತು, ಕಾಗದದ ಅಭಾವವಂತೆ, ಅದಕ್ಕೇ ಬಂದಿಲ್ಲ ಎಂದುಕೊಂಡೆ. ಬ್ರಿಟಿಷರೇ ಬಿಟ್ಟು ತೊಲಗಿ ಎಂದು ಹುಡುಗರು ತಂತಿ ಕತ್ತರಿಸಿದರು, ಟಪಾಲು ನಿಂತಿತು, ಅದರಲ್ಲಿ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಹೊಳೆಗೆ ಅಣೆಕಟ್ಟು ಕಟ್ಟಲು ಸಾವಿರಾರು ಕೂಲಿಗಳು ಬಂದರು, ಅವರೆಲ್ಲರ ತೋಳು ನೋಡುವುದರಲ್ಲಿ ಕೆಲವು ದಿನ ಮರೆತೆ. ಸ್ವಾತಂತ್ರ್ಯ ಬಂದು ಬಾವುಟ ಬದಲಾದಾಗ ಮತ್ತೆ ನೆನಪಾಯಿತು. ಹೊಸ ಸರ್ಕಾರ, ಹಳೆಯ ಪುಸ್ತಕಗಳನ್ನು ಬಿಚ್ಚಿ ನೋಡಿಯೇ ನೋಡುತ್ತಾರೆ ಎಂದು ಮತ್ತೊಮ್ಮೆ ಗಂಟು ಕಟ್ಟಿದೆ. ಬರಲಿಲ್ಲ.

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಹಾರ ಹಾಕಿ, ಒಂದೂ ತಪ್ಪಿಲ್ಲದ ಸೇವೆ ಎಂದು ಹೊಗಳಿದರು. ಹಾರ ತೆಗೆದಿಟ್ಟು ಆ ಸಾವಿನ ಪುಸ್ತಕ ನೋಡಬೇಕು ಎಂದೆ. ಹುಡುಕಿ ತಂದುಕೊಟ್ಟರು. ನನ್ನ ಸಾಲು ಇದ್ದಲ್ಲೇ ಇತ್ತು. ಆ ಹಾಳೆಯೂ ಅದರ ಮುಂದಿನ ಹಾಳೆಯೂ ಮಸಿ ಆರುವ ಮೊದಲೇ ಮುಚ್ಚಿ ಅಂಟಿಕೊಂಡಿದ್ದವು. ನಾನೇ ಉಗುರು ಹಾಕಿ ಬಿಡಿಸಿದೆ. ಅಷ್ಟು ವರ್ಷ ಒಬ್ಬರೂ ಅದನ್ನು ತೆರೆದಿರಲಿಲ್ಲ.

ಸೀತಾ, ನಿಜ ಬರೆದರೆ ಕೆಲಸ ಹೋಗುತ್ತದೆ ಎಂದು ನಾನು ಹದಿನೇಳು ವರ್ಷ ಹೆದರಿದ್ದೆ. ಓದುವವರೇ ಇರಲಿಲ್ಲ. ನನ್ನ ರಿಜಿಸ್ಟರನ್ನು ಸರಿಯಾಗಿ ಓದಿದವನು ಅಣ್ಣ ಒಬ್ಬನೇ, ಹಾಸಿಗೆಯ ಮೇಲೆ ಮಲಗಿ.